ಐದನೇ ಕ್ಲಾಸಿನಲ್ಲಿ ವಾಕ್ಯ ಯಾಕೆ ಮುರಿಯುತ್ತದೆ

ಎರಡನೇ ಕ್ಲಾಸಿನ ಮಗು ಬರೆಯುವುದು ಹೀಗೆ: 'ನಾನು ಎದ್ದೆ. ಆಮೇಲೆ ಸ್ನಾನ ಮಾಡಿದೆ. ಆಮೇಲೆ ಶಾಲೆಗೆ ಹೋದೆ.' ಒಂದೂ ತಪ್ಪಿಲ್ಲ. ಅದೇ ಮಗು ಐದನೇ ಕ್ಲಾಸಿಗೆ ಬಂದಾಗ ಹೀಗೆ ಬರೆಯಬಹುದು: 'ನಾನು ನಿನ್ನೆ ಆಡುತ್ತಿದ್ದಾಗ ಮಳೆ ಬಂದಿದ್ದರಿಂದ ನನ್ನ ಗೆಳೆಯ ಜಾರಿ ಬಿದ್ದು ಕಾಲಿಗೆ ಗಾಯ ಆಗಿದ್ದನ್ನು ನೋಡಿ ಅಳು ಬಂತು.' ಮನೆಯವರಿಗೆ ಗಾಬರಿ. ಮೊದಲು ಎಷ್ಟು ಚೆನ್ನಾಗಿ ಬರೀತಿದ್ದ, ಈಗ ಏನಾಯ್ತು ಇವನಿಗೆ ಅಂತ.

ನನಗೆ ಈ ಎರಡನೇ ವಾಕ್ಯ ನೋಡಿದರೆ ಖುಷಿಯಾಗುತ್ತದೆ. ಯಾವಾಗ, ಯಾಕೆ, ಏನಾಯ್ತು, ಅದನ್ನು ನೋಡಿ ತನಗೆ ಏನನ್ನಿಸಿತು, ಇಷ್ಟನ್ನೂ ಒಂದೇ ವಾಕ್ಯದೊಳಗೆ ಹಿಡಿಯಲು ಮಗು ಹೊರಟಿದೆ. ಎಡವಿದ್ದು ಒಂದೇ ಕಡೆ. 'ನಾನು' ಅಂತ ಶುರು ಮಾಡಿ, ಕೊನೆಗೆ ಬರುವಷ್ಟರಲ್ಲಿ 'ನನಗೆ' ಬೇಕಾಗುವ ಕ್ರಿಯಾಪದ ಹಾಕಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ವಾ, ಹಾಗಾಗಿ ವಾಕ್ಯ ಉದ್ದವಾದಷ್ಟೂ ಶುರುವಿನಲ್ಲಿ ಏನಿತ್ತು ಅಂತ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಮಗುವಿಗೇ ಓದಿ ಹೇಳಿ, 'ಅಳು ಯಾರಿಗೆ ಬಂತು?' ಅಂತ ಕೇಳಿದರೆ ತಾನೇ ಸರಿ ಮಾಡಿಕೊಳ್ಳುತ್ತದೆ. ಇಡೀ ವಾಕ್ಯದ ಮೇಲೆ ಕೆಂಪು ಗೆರೆ ಎಳೆದರೆ ಮಾತ್ರ ಮುಂದಿನ ಸಲ ಅದು 'ಆಮೇಲೆ, ಆಮೇಲೆ'ಗೇ ವಾಪಸ್ ಹೋಗುತ್ತದೆ. ಅಲ್ಲಿ ತಪ್ಪಾಗುವ ಭಯ ಇಲ್ಲ.

ಹಾಗಾದರೆ ಬೆಳವಣಿಗೆ ಅಳೆಯುವುದು ಹೇಗೆ? ಪೂರ್ಣವಿರಾಮ ನೋಡಿ ಅಳೆಯಲು ಆಗುವುದಿಲ್ಲ. ಚಿಕ್ಕ ಮಕ್ಕಳು 'ಮತ್ತು' ಸೇರಿಸುತ್ತಾ ಒಂದು ಪುಟವನ್ನೇ ಒಂದು ವಾಕ್ಯ ಮಾಡಿಬಿಡುತ್ತಾರೆ. ಮಕ್ಕಳ ಬರಹದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕ ಕೆಲಾಗ್ ಹಂಟ್ 1965ರಲ್ಲಿ ಇದಕ್ಕೆ ಒಂದು ದಾರಿ ಹುಡುಕಿದರು. ಒಂದು ಮುಖ್ಯ ವಾಕ್ಯ, ಅದಕ್ಕೆ ಅಂಟಿಕೊಂಡ ಉಪವಾಕ್ಯಗಳು, ಇಷ್ಟನ್ನು ಒಂದು ತುಂಡು ಅಂತ ಲೆಕ್ಕ ಹಾಕಿದರು. ಅದಕ್ಕೆ 'ಟಿ-ಯೂನಿಟ್' ಅಂತ ಹೆಸರು. 4ನೇ ತರಗತಿಯಲ್ಲಿ ಒಂದು ತುಂಡಿಗೆ ಸರಾಸರಿ 8.6 ಪದ, 8ನೇ ತರಗತಿಯಲ್ಲಿ 11.5, 12ನೇ ತರಗತಿಯಲ್ಲಿ 14.4. ಇದು ಇಂಗ್ಲಿಷ್ ಬರಹದ ಲೆಕ್ಕ. ನಮ್ಮಲ್ಲಿ ಒಂದೇ ಪದಕ್ಕೆ ಎಷ್ಟೋ ಪ್ರತ್ಯಯ ಅಂಟಿಕೊಳ್ಳುವುದರಿಂದ ಸಂಖ್ಯೆ ಬೇರೆಯೇ ಇರುತ್ತದೆ.

ಸಂಖ್ಯೆಗಿಂತ ನನಗೆ ಇಷ್ಟವಾದದ್ದು ಹಂಟ್ ಅವರ ಇನ್ನೊಂದು ಪ್ರಯೋಗ. ಅಲ್ಯೂಮಿನಿಯಂ ಬಗ್ಗೆ ಪುಟ್ಟ ಪುಟ್ಟ ವಾಕ್ಯಗಳನ್ನು ಕೊಟ್ಟು, ಇದನ್ನೇ ಚೆನ್ನಾಗಿ ಬರೆಯಿರಿ ಅಂದರು. ಚಿಕ್ಕವರು ಹೆಚ್ಚಾಗಿ ಒಂದರ ಪಕ್ಕ ಒಂದು ಜೋಡಿಸಿದರು. ದೊಡ್ಡವರು ಒಂದನ್ನು ಇನ್ನೊಂದರ ಒಳಗೆ ಮಡಚಿ ಇಟ್ಟರು, ಒಂದು ಇಡೀ ವಾಕ್ಯವನ್ನೇ ಒಂದು ವಿಶೇಷಣ ಮಾಡಿಬಿಟ್ಟರು. ಕನ್ನಡದಲ್ಲೂ ಹೀಗೇ ಅಲ್ವಾ? 'ಮರ ಬಿತ್ತು. ಅದು ಹಳೆಯದು. ಗಾಳಿ ಬಂದಿತ್ತು.' ಇದು ಒಂದು ದಿನ 'ಗಾಳಿಗೆ ಬಿದ್ದ ಹಳೆಯ ಮರ' ಆಗುತ್ತದೆ. ಪದ ಕಡಿಮೆಯಾಯಿತು, ವ್ಯಾಕರಣ ಬೆಳೆಯಿತು. ಉದ್ದ ಬರೆದವರೇ ಜಾಣರು ಅಂತ ಮಾರ್ಕ್ಸ್ ಕೊಡುವವರು ಇದನ್ನು ಗಮನಿಸಬೇಕು.

ಮಾತಿನ ವಿಷಯವೂ ಇದೆ. ಬರಹ ಕಲಿಕೆಯ ಸಂಶೋಧಕ ಬ್ಯಾರಿ ಕ್ರೋಲ್ 1981ರಲ್ಲಿ ಹೇಳಿದ ಪ್ರಕಾರ ಮಕ್ಕಳು ಮೊದಲು ಅಕ್ಷರ ಮೂಡಿಸಲು ಕಲಿಯುತ್ತಾರೆ, ಆಮೇಲೆ ಆಡಿದ್ದನ್ನೇ ಬರೆಯುತ್ತಾರೆ, ಆಮೇಲೆ ಬರಹ ಮಾತಿನಿಂದ ಬೇರೆಯಾಗುತ್ತದೆ. ಕೊನೆಗೆ ಬೇಕಾದ ಕಡೆ ಮಾತಿನ ಧಾಟಿಯನ್ನು ಬೇಕೆಂದೇ ತರುತ್ತಾರೆ. 'ಹೋಗ್ತಿದ್ದೆ' ಮತ್ತು 'ಹೋಗುತ್ತಿದ್ದೆ' ಒಂದೇ ಪುಟದಲ್ಲಿ ಕಂಡರೆ ಮಗು ಈ ದಾರಿಯಲ್ಲಿ ಎಲ್ಲೋ ನಡುವೆ ಇದೆ.

ಇನ್ನು ವ್ಯಾಕರಣದ ಪಾಠ. ವಿಭಕ್ತಿಗಳ ಹೆಸರು ಬಾಯಿಪಾಠ ಮಾಡಿಸಿದರೆ ಬರಹ ಸುಧಾರಿಸುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ನ್ಯೂಜಿಲೆಂಡಿನಲ್ಲಿ ವಾರ್ವಿಕ್ ಎಲಿ ಮತ್ತು ಜೊತೆಗಾರರು ಮೂರು ವರ್ಷ ಹೈಸ್ಕೂಲ್ ಮಕ್ಕಳನ್ನು ಗಮನಿಸಿ 1976ರಲ್ಲಿ ಪ್ರಕಟಿಸಿದರು. ವ್ಯಾಕರಣ ಕಲಿತವರ ಬರಹಕ್ಕೂ ಕಲಿಯದವರ ಬರಹಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇನ್ನೊಬ್ಬ ಸಂಶೋಧಕ ಫ್ರಾಂಕ್ ಓಹೇರ್ 1973ರಲ್ಲಿ ತೋರಿಸಿದ್ದು ಇನ್ನೂ ಸರಳ. ಯಾವ ವ್ಯಾಕರಣದ ಹೆಸರೂ ಹೇಳದೆ, ಏಳನೇ ತರಗತಿಯವರಿಗೆ ಸುಮ್ನೆ ಪುಟ್ಟ ವಾಕ್ಯಗಳನ್ನು ಸೇರಿಸಿ ಒಂದೇ ವಾಕ್ಯ ಮಾಡುವ ಅಭ್ಯಾಸ ಕೊಟ್ಟಾಗ ಅವರ ಸ್ವಂತ ಬರಹದ ವಾಕ್ಯಗಳೇ ಬಲವಾದವು.

ಇದನ್ನು ಯಾರು ಬೇಕಾದರೂ ಮಾಡಿಸಬಹುದು. ಮಗು ತಾನೇ ಬರೆದ ಮೂರು ಪುಟ್ಟ ವಾಕ್ಯ ಆರಿಸಿ, ಒಂದೇ ವಾಕ್ಯ ಮಾಡು ಅನ್ನಿ. ಮಾಡಿದ ಮೇಲೆ ಬೇರೆ ಥರ ಮಾಡಲು ಹೇಳಿ. ಆಮೇಲೆ ಎರಡನ್ನೂ ಜೋರಾಗಿ ಓದಿಸಿ, ಯಾವುದು ಇಷ್ಟ ಆಯ್ತು, ಯಾಕೆ ಅಂತ ಕೇಳಿ.