ಕೆಸರಿಗೆ ಇಳಿದ ಪ್ಯಾಟನ್

ಪುಷ್ಯ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಶಿವಮೊಗ್ಗದ ನಮ್ಮ ಮನೆಯ ಮೇಜಿನ ಮೇಲೆ ಎಂ-48 ಪ್ಯಾಟನ್ ಟ್ಯಾಂಕಿನ ಮಾದರಿ ಸಿದ್ಧವಾಗಿ ನಿಂತಿತ್ತು. ನಿಜವಾದ ಟ್ಯಾಂಕಿನ ಮೂವತ್ತೈದನೆಯ ಒಂದು ಭಾಗದ ಅಳತೆ, ಮೂರು ತಿಂಗಳ ಸಂಜೆಗಳ ಕೆಲಸ. ಬಣ್ಣ ಚೆನ್ನಾಗಿ ಕೂತಿತ್ತು, ಮೂತಿಯ 90 ಮಿ.ಮೀ. ತೋಪು ಸರಿಯಾದ ಕೋನದಲ್ಲಿತ್ತು. ಆದರೂ ನೋಡಿದರೆ ಆಟಿಕೆ. ಸುಮಾರು 45 ಟನ್ ತೂಗುವ ಯಂತ್ರದ ಭಾರ ಅದರಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ. ಅಂಗೈಯಲ್ಲಿ ಎತ್ತಬಹುದಾದ ಪ್ಲಾಸ್ಟಿಕ್ಕಿಗೆ ಭಾರ ಬರಬೇಕಾದರೆ ಅದರ ಕೆಳಗಿನ ನೆಲ ಕುಸಿದು ತೋರಿಸಬೇಕು.

ನಾನು ಮಾಡಹೊರಟಿದ್ದು ಅಸಲ್ ಉತ್ತರ್‌ನ ನೆಲ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್ ಕರಣ್ ಬಳಿ ನಡೆದ ಆ ಕಾಳಗದಲ್ಲಿ ನಮ್ಮವರು ಕಾಲುವೆಯ ನೀರನ್ನು ಹೊಲಗಳಿಗೆ ಹರಿಸಿ, ಆಳೆತ್ತರ ಬೆಳೆದ ಕಬ್ಬಿನ ಮರೆಯಲ್ಲಿ ಕಾದು ಕೂತಿದ್ದರು. ಪಾಕಿಸ್ತಾನದ ಪ್ಯಾಟನ್‌ಗಳು ಬಂದು ಹೂತುಕೊಂಡವು. ಜೀಪಿನ ಮೇಲಿನ ತೋಪಿನಿಂದ ಒಂದರ ಹಿಂದೆ ಒಂದು ಟ್ಯಾಂಕನ್ನು ಹೊಡೆದ ಹವಾಲ್ದಾರ್ ಅಬ್ದುಲ್ ಹಮೀದ್ 10ರಂದು ಅಲ್ಲೇ ಮಡಿದರು. ಅವರಿಗೆ ಪರಮವೀರ ಚಕ್ರ ಸಂದಿತು. ವಶವಾದ ಟ್ಯಾಂಕುಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ್ದರಿಂದ ಆ ಜಾಗಕ್ಕೆ ಪ್ಯಾಟನ್ ನಗರ ಎಂದೇ ಹೆಸರಾಯಿತು. ಆ ಮೂರು ದಿನ ಹೊಲವೂ ಯುದ್ಧ ಮಾಡಿದೆ ಎಂದು ನಾನು ನಂಬಿದ್ದೇನೆ. ಹಾಗಿರುವಾಗ ಕೆಸರನ್ನು ಟ್ಯಾಂಕಿನ ಕೆಳಗಿನ ಅಲಂಕಾರದಂತೆ ಬಳಿದುಬಿಡಲು ಮನಸ್ಸು ಬರಲಿಲ್ಲ.

ಹಿಂದಿನ ವರ್ಷ ಒಮ್ಮೆ ಪ್ರಯತ್ನಿಸಿ ಸೋತಿದ್ದೆ. ಹಿತ್ತಲ ಮಣ್ಣನ್ನು ಹಾಗೆಯೇ ಬಿಳಿ ಅಂಟಿನಲ್ಲಿ ಕಲಸಿ ಥರ್ಮಾಕೋಲಿನ ಮೇಲೆ ಹಚ್ಚಿದ್ದೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಅದರ ಮೇಲೆಲ್ಲ ಬೂಷ್ಟು ಎದ್ದಿತು. ಎರಡು ಕಡೆ ಪುಟ್ಟ ಅಣಬೆಯೂ ತಲೆಯೆತ್ತಿತ್ತು. ಹೊಗೆಯಾಡುವ ಬಚ್ಚಲೊಲೆಯ ಮೇಲಿಟ್ಟ ಬಟ್ಟೆಯೇ ಒಣಗದ ಊರಿನಲ್ಲಿ ಹಸಿ ಮಣ್ಣು ಸುಮ್ಮನಿರುತ್ತದೆಯೇ?

ಆ ಭಾನುವಾರ ಬೆಳಗಿನ ಬಸ್ ಹಿಡಿದು ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಗೆ ಹೊರಟೆ. ಗಾಜನೂರು ದಾಟುವಾಗ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ನಾನು ತಲುಪುವ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಗದ್ದೆಯಲ್ಲಿದ್ದರು. ನಾಟಿಗೆಂದು ಉಳುತ್ತಿದ್ದ ಟ್ರ್ಯಾಕ್ಟರ್ ಕೆಳಗಿನ ಮಡಿಯ ಮೂಲೆಯಲ್ಲಿ ಹೂತಿತ್ತು. ಚಿಕ್ಕಪ್ಪ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಕ್ರದಡಿಗೆ ಅಡಿಕೆ ದಬ್ಬೆ ಕೊಡುತ್ತಿದ್ದರು. ನಾನು ಪ್ಯಾಂಟು ಮಡಚಿ ಇಳಿದೆ. ಮುಕ್ಕಾಲು ಗಂಟೆ ತಳ್ಳಿ ಹೊರಡಿಸಿದೆವು.

ಟ್ರ್ಯಾಕ್ಟರ್ ಹೋದ ಮೇಲೆ ಕಿಸೆಯಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಆ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಚಿಕ್ಕಪ್ಪ ಕಾರಣ ಕೇಳಿದರು, ಹೇಳಿದೆ. ನಗಲಿಲ್ಲ. "ಮೇಲೆ ಒಂದು ಮೊಳ ಕೆಸರು, ಕೆಳಗೆ ಗಟ್ಟಿ ನೆಲ ಮಾರಾಯ. ಚಕ್ರ ಆ ಗಟ್ಟಿ ಮುಟ್ಟಿದರೆ ಬಚಾವು. ಮುಟ್ಟುವ ಮೊದಲೇ ಗಾಡಿಯ ಹೊಟ್ಟೆ ಕೆಸರಿಗೆ ಕೂತಿತೋ, ಆಮೇಲೆ ಎಷ್ಟು ತಿರುಗಿಸಿದರೂ ಚಕ್ರ ಸುಮ್ಮನೆ ಅರೆಯುತ್ತದೆ ಅಷ್ಟೆ" ಎಂದರು.

ನನಗೆ ಬೇಕಾಗಿದ್ದುದು ಇದೇ ಮಾತು. ಪ್ಯಾಟನ್ನಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಸುಮಾರು 40 ಸೆಂ.ಮೀ.; ನನ್ನ ಮಾದರಿಯಲ್ಲಿ 11 ಮಿ.ಮೀ. ಅಷ್ಟು ಆಳ ಇಳಿಸಿದರೆ ಮಾತ್ರ ಅದು ಸಿಕ್ಕಿಬಿದ್ದ ಟ್ಯಾಂಕು. ನಾನು ಯೋಚಿಸಿದ್ದುದು ಬರೀ ಮೂರು ಮಿ.ಮೀ. ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಟ್ರ್ಯಾಕ್ಟರ್ ಮುಂದೆ ಸಾಗಿದ ಕಡೆ ಚಕ್ರದ ಹಲ್ಲಿನ ಗುರುತು ಒಂದೊಂದೂ ಎಣಿಸುವಂತೆ ಮೂಡಿತ್ತು. ಸಿಕ್ಕಿಕೊಂಡು ಗಿರಗಿರನೆ ತಿರುಗಿದ ಜಾಗದಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಗುಂಡಿಯ ಗೋಡೆ ಸಾರಿಸಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಅಂಚಿನ ಕೆಸರು ಮಡಚಿಕೊಂಡು ಹೊರಗೆ ಉಬ್ಬಿತ್ತು. ಹಿಂದುಗಡೆ ಹಲ್ಲಿನ ಸಂದಿಯಿಂದ ಕಳಚಿದ ಹೆಂಟೆಗಳು ಬಿದ್ದಿದ್ದವು. ಟ್ಯಾಂಕಿನ ಇಡೀ ಜಾಡಿನಲ್ಲಿ ಚೈನಿನ ಕೊಂಡಿಗಳ ಗುರುತನ್ನು ಅಚ್ಚುಕಟ್ಟಾಗಿ ಒತ್ತಬೇಕೆಂದುಕೊಂಡಿದ್ದ ನನ್ನ ಯೋಜನೆ ಅಲ್ಲಿಯೇ ಬದಲಾಯಿತು.

ಬರುವಾಗ ಚಿಕ್ಕಮ್ಮ ಒಣ ಬಾಳೆಪಟ್ಟೆಯ ಒಂದು ಕಟ್ಟು, ಒಂದು ಹಿಡಿ ತೆಂಗಿನ ಕಡ್ಡಿ ಕೊಟ್ಟರು. ಗದ್ದೆಯ ಮಣ್ಣನ್ನೂ ತಂದೆ.

ಮಣ್ಣನ್ನು ಈ ಬಾರಿ ಮೊದಲು ಬಾಣಲೆಯಲ್ಲಿ ಚೆನ್ನಾಗಿ ಹುರಿದೆ. ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ವಸ್ತ್ರಗಾಳಿಸಿದೆ. ಒಂದು ಮಿ.ಮೀ.ನ ಮರಳ ಕಣ ಈ ಅಳತೆಯಲ್ಲಿ ಮೂರೂವರೆ ಸೆಂ.ಮೀ. ಕಲ್ಲಾಗಿಬಿಡುತ್ತದೆ, ನೋಡುವವರ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಅಂಟು, ನುಣುಪಾದ ಮರದ ಹೊಟ್ಟು, ಮಣ್ಣು ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾದ ಹದಕ್ಕೆ ತಂದೆ. ಟ್ಯಾಂಕಿನ ತಳಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ, ಹೊಟ್ಟೆ ಕೆಸರಿಗೆ ತಾಗುವವರೆಗೆ ಒತ್ತಿದೆ. ಹಿಂದಿನ ಅರ್ಧ ಜಾಡಿಗೆ ಚೈನಿನ ಗುರುತು ಕೊಟ್ಟು, ಮುಂದಿನದನ್ನು ಒದ್ದೆ ಚಮಚದ ಹಿಂಭಾಗದಿಂದ ಸವರಿ ನುಣ್ಣಗೆ ಮಾಡಿದೆ. ನಮ್ಮ ಮಣ್ಣಿನ ಕೆಂಪು ಪಂಜಾಬಿಗೆ ಹೊಂದುವುದಿಲ್ಲ. ಅಲ್ಲಿಯದು ನದಿಗಳು ತಂದು ಹರಡಿದ ಮೆಕ್ಕಲು. ಬೂದು ಬೆರೆತ ತಿಳಿಗಂದು. ಬಣ್ಣ ಹಚ್ಚಿ ಕೆಂಪನ್ನು ಪೂರ್ತಿ ಮುಚ್ಚಿದೆ, ಒದ್ದೆ ಇರುವಲ್ಲಿ ಗಾಢ ಮಾಡಿದೆ.

ಕಬ್ಬಿಗೆ ಎರಡು ವಾರ ಹಿಡಿಯಿತು. ಎರಡೂವರೆ ಮೀಟರಿನ ಕಬ್ಬು ಇಲ್ಲಿ ಏಳು ಸೆಂ.ಮೀ. ತೆಂಗಿನ ಕಡ್ಡಿಯ ತುದಿಭಾಗ ದಪ್ಪಕ್ಕೆ ಸರಿಹೋಯಿತು, ಮೂರು ಮಿ.ಮೀ.ಗೊಂದರಂತೆ ಗಿಣ್ಣು ಗೀಚಿದೆ. ಬಾಳೆಪಟ್ಟೆಯನ್ನು ಬ್ಲೇಡಿನಿಂದ ಎಳೆ ಎಳೆಯಾಗಿ ಸೀಳಿ ಎಲೆ ಮಾಡಿದೆ. ಮೇಲಿನವಕ್ಕೆ ಹಸಿರು. ಕೆಳಗಿನ ಒಣ ತರಗಿಗೆ ಬಾಳೆಪಟ್ಟೆಯ ಸ್ವಂತ ಬಣ್ಣವೇ ಸಾಕಾಯಿತು, ಯಾವ ಡಬ್ಬಿಯ ಬಣ್ಣದಿಂದಲೂ ಅದು ಬರುತ್ತಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಕಬ್ಬು ನೆಟ್ಟೆ. ಕೊನೆಯದು ನೀರು. ಅದಕ್ಕೆ ಬಳಸಿದ್ದು ಹುಯ್ದ ಮೇಲೆ ಗಾಜಿನಂತೆ ಗಟ್ಟಿಯಾಗುವ ರಾಳ (ರೆಸಿನ್). ಅದಕ್ಕೆ ಮಳೆಗಾಲದ ತೇವ ತಾಗಿದರೆ ಮಬ್ಬಾಗುತ್ತದೆ. ಅಲಮಾರಿನೊಳಗೆ ಬಲ್ಬು ಉರಿಸಿಟ್ಟು ಬೆಚ್ಚಗೆ ಮಾಡಿ, ದಿನಕ್ಕೊಂದು ತೆಳು ಪದರದಂತೆ ಎರಡು ಸಲ ಹುಯ್ದೆ. ಹುಯ್ಯುವ ಮೊದಲು ಒಂದು ಹನಿ ಮಣ್ಣಿನ ಬಣ್ಣ ಬೆರೆಸಿದೆ. ಉತ್ತ ಗದ್ದೆಯ ನೀರು ತಿಳಿಯಾಗಿರುವುದನ್ನು ನಾನು ಕಂಡಿಲ್ಲ.

ಅಡಿಕೆ ಮಂಡಿಗೆ ಬಂದಿದ್ದ ಚಿಕ್ಕಪ್ಪ ಮಧ್ಯಾಹ್ನ ಮನೆಗೆ ಬಂದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು. ಟ್ಯಾಂಕಿನ ವಿಷಯ ಏನೂ ಕೇಳಲಿಲ್ಲ. ಜಾಡಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಮುಂದೆ ಹೋಗಲಾಗಲಿಲ್ಲ, ಅಲ್ಲವೇ?" ಎಂದರು. ನನಗೆ ಆದ ಸಂತೋಷ ಹೇಳತೀರದು.

ಆಮೇಲೆ ಚೈನಿನಡಿ ಸಿಕ್ಕಿದ್ದ ಕಬ್ಬುಗಳನ್ನು ತೋರಿಸಿದರು. ನಾನು ಅವನ್ನು ಕಡ್ಡಿ ಮುರಿದಂತೆ ಎರಡು ತುಂಡು ಮಾಡಿ ಮಲಗಿಸಿದ್ದೆ. "ಕಬ್ಬು ಹೀಗೆ ಮುರಿಯುವುದಿಲ್ಲ. ಆಲೆಮನೆಯ ಗಾಣದಲ್ಲಿ ಹಾಕಿದ್ದು ನೋಡಿದ್ದೀಯಲ್ಲ, ಸಿಪ್ಪೆ ಸೀಳಿ ಚಪ್ಪಟೆಯಾಗುತ್ತದೆ, ಒಳಗಿನ ಬಿಳಿ ನಾರು ಹೊರಗೆ ಬರುತ್ತದೆ" ಎಂದರು.

ಅವರನ್ನು ಸಂಜೆಯ ಬಸ್ ಹತ್ತಿಸಿ ಬಂದು, ಆ ಹದಿನಾಲ್ಕು ಕಬ್ಬುಗಳನ್ನು ಚಿಮುಟದಿಂದ ಕಿತ್ತೆ. ಹೊಸ ಕಡ್ಡಿಗಳನ್ನು ನೀರಿನಲ್ಲಿ ನೆನೆಹಾಕಿ, ಸುತ್ತಿಗೆಯಿಂದ ಮೆಲ್ಲಗೆ ಜಜ್ಜಿ ನಾರು ಬಿಡಿಸಿದೆ.