ಎಷ್ಟು ದಿನ ನಿಲ್ಲುತ್ತದೆ, ಅಕ್ಕಾ?

ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಪಾರ್ಲರ್ ತೆರೆದು ಹದಿನಾರು ವರ್ಷವಾಯಿತು. ಹುಬ್ಬು ತಿದ್ದಿಸಿಕೊಳ್ಳಲು ಬಂದವರು, ಮದುಮಗಳ ಜೊತೆಗೆ ಬಂದ ಅಕ್ಕತಂಗಿಯರು, ಬೆಣ್ಣೆದೋಸೆ ಹೋಟೆಲಿನಲ್ಲಿ ಗುರುತು ಹಿಡಿದು ಪಕ್ಕದಲ್ಲಿ ಬಂದು ಕೂತವರು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸ್ಮೂತನಿಂಗ್ ಮಾಡಿಸಿದರೆ ಎಷ್ಟು ದಿನ ನಿಲ್ಲುತ್ತದೆ, ಅಕ್ಕಾ?" ಕೈಯಲ್ಲಿ ಕತ್ತರಿ ಹಿಡಿದು ನಿಂತಾಗ ಅರ್ಧ ಉತ್ತರವನ್ನಷ್ಟೇ ಕೊಡಲಾಗುತ್ತದೆ. ಆ ಅರ್ಧ ಉತ್ತರವನ್ನು ನಂಬಿ ಕೂದಲು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಆದ್ದರಿಂದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಮೂತನಿಂಗ್ ಎಂದರೆ ಗುಂಗುರು ಕೂದಲಿಗೆ ಔಷಧಿ ಹಚ್ಚಿ ನೇರ ಮಾಡುವುದು. ಔಷಧಿ ಹಚ್ಚಿದ ಕೂದಲಿನಲ್ಲಿ ಅದು ಆ ಕೂದಲು ಇರುವಷ್ಟು ಕಾಲ ನಿಲ್ಲುತ್ತದೆ. ನಿಮ್ಮ ತಲೆಯಲ್ಲಿ ನಿಲ್ಲುವುದಿಲ್ಲ.

ಒಗಟಿನಂತೆ ಕೇಳಿಸಿದರೂ ಇಡೀ ವಿಷಯ ಇರುವುದು ಇಲ್ಲಿಯೇ. ಕೂದಲು ಗುಂಗುರಾಗುವುದು ಚರ್ಮದ ಒಳಗೆ. ಕೂದಲ ಬುಡ ಕೂತಿರುವ ಗುಳಿ ನೇರವಾಗಿದ್ದರೆ ಕೂದಲು ನೇರವಾಗಿ ಬರುತ್ತದೆ, ಗುಳಿ ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ನಾವು ಕ್ರೀಮ್ ಹಚ್ಚುವುದು, ಬಿಸಿ ಪಟ್ಟಿಯಿಂದ ಒತ್ತುವುದು ಎಲ್ಲವೂ ಹೊರಗೆ ಬಂದಿರುವ ಕೂದಲಿಗೆ. ಒಳಗಿನ ಗುಳಿಗೆ ಹೊರಗೆ ನಡೆದದ್ದು ಗೊತ್ತೇ ಆಗುವುದಿಲ್ಲ. ತಿಂಗಳಿಗೆ ಸುಮಾರು ಅರ್ಧ ಇಂಚಿನಂತೆ ಅದು ತನ್ನ ಹಳೆಯ ಗುಂಗುರನ್ನೇ ಹೊರಗೆ ಕಳಿಸುತ್ತಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಅಜ್ಜಿ ಬೇರೆ ಅರ್ಥದಲ್ಲಿ ಹೇಳುತ್ತಿದ್ದರು. ನನಗೆ ಆ ಮಾತು ಐರನ್ ಹಿಡಿದಾಗಲೆಲ್ಲ ನೆನಪಾಗುತ್ತದೆ.

ಆರು ತಿಂಗಳ ನಂತರ ಏನಾಗುತ್ತದೆ ಎಂದು ತಿಳಿಯಬೇಕಾದರೆ ಒಂದೇ ಒಂದು ಕೂದಲನ್ನು ನೋಡಿದರೆ ಸಾಕು. ಹೋದ ಮಳೆಗಾಲದಲ್ಲಿ ಹರಿಹರದ ಕಡೆಯ ಒಬ್ಬ ಪದವಿ ವಿದ್ಯಾರ್ಥಿನಿ ಬಂದಿದ್ದಳು. ಬೇರೆ ಕಡೆ ಸ್ಮೂತನಿಂಗ್ ಮಾಡಿಸಿದ್ದಳು, ಈಗ ಕೂದಲು ಉದುರುತ್ತಿದೆ ಎಂಬ ದೂರು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಉದುರಿದ ಕೂದಲಾಗಿದ್ದರೆ ಒಂದು ತುದಿಯಲ್ಲಿ ಸಣ್ಣ ಬಿಳಿಯ ಗುಂಡು ಇರುತ್ತದೆ, ಅದು ಬುಡ. ಇವಳ ಕೂದಲುಗಳಿಗೆ ಆ ಗುಂಡು ಇರಲಿಲ್ಲ. ಅವು ಉದುರಿರಲಿಲ್ಲ, ಮುರಿದಿದ್ದವು. ತಲೆಯ ಮೇಲಿದ್ದ ಒಂದು ಎಳೆಯನ್ನು ಬೆರಳಲ್ಲಿ ಸವರುತ್ತಾ ಬಂದರೆ ನೆತ್ತಿಯಿಂದ ಮೂರು ಇಂಚು ಸುರುಳಿ ಸುರುಳಿಯಾಗಿ ಸಿಗುತ್ತಿತ್ತು, ಆಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ. ಸುರುಳಿ ಮುಗಿದು ನೇರ ಶುರುವಾಗುವ ಆ ಜಾಗದಲ್ಲಿಯೇ ಕೂದಲು ತುಂಡಾಗುತ್ತಿತ್ತು. ಮೇಲಿನ ಭಾಗ ಹೊಸದು, ಗಟ್ಟಿ. ಕೆಳಗಿನದು ಔಷಧಿ ಕುಡಿದು ಸೋತದ್ದು. ಬಾಚಿದಾಗಲೆಲ್ಲ ಎಳೆತ ಬೀಳುವುದು ಎರಡರ ನಡುವಿನ ಗಡಿಯ ಮೇಲೆ. ಹುಡುಗಿ ಅದನ್ನು ನೆಟ್ಟಗೆ ಕಾಣಿಸಲು ದಿನವೂ ಮನೆಯಲ್ಲಿ ಐರನ್ ಹಿಡಿಯುತ್ತಿದ್ದಳು. ಮಾಡಿಸುವಾಗ "ಒಂದು ವರ್ಷ ನಿಲ್ಲುತ್ತದೆ" ಎಂದಷ್ಟೇ ಅವಳಿಗೆ ಹೇಳಿದ್ದರು. ಈ ಗಡಿಯ ಮಾತನ್ನು ಯಾರೂ ಹೇಳಿರಲಿಲ್ಲ.

ಔಷಧಿಯಿಂದ ಕೂದಲು ಏಕೆ ಸೋಲುತ್ತದೆ ಎಂಬುದನ್ನು ನನ್ನ ತಂದೆಯ ಕೆಲಸದ ಮೂಲಕ ಹೇಳುತ್ತೇನೆ. ನಮ್ಮ ಊರು ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಅಪ್ಪ ಗಿರಣಿಯಲ್ಲಿ ನೂಲುವ ಕೆಲಸಕ್ಕಿದ್ದರು. ನೂಲಿನ ಬಲ ಇರುವುದು ಹುರಿಯಲ್ಲಿ, ಹುರಿ ಬಿಚ್ಚಿದರೆ ಹತ್ತಿ ಹತ್ತಿಯೇ ಎನ್ನುತ್ತಿದ್ದರು. ಕೂದಲಿನಲ್ಲಿ ಆ ಹುರಿಯ ಕೆಲಸ ಮಾಡುವುದು ಗಂಧಕದ ಕೊಂಡಿಗಳು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಡೈಸಲ್ಫೈಡ್ ಎನ್ನುವ ಈ ಕೊಂಡಿಗಳೇ. ಸ್ಮೂತನಿಂಗ್ ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಕೊಂಡಿಗಳನ್ನು ಬಿಚ್ಚುತ್ತದೆ. ಬಿಚ್ಚಿದ ಕೂದಲನ್ನು ತೊಳೆದು, ಒಣಗಿಸಿ, ಬಿಸಿ ಪಟ್ಟಿಯಿಂದ ನೇರ ಮಾಡುತ್ತೇವೆ. ಆಮೇಲೆ ಹಚ್ಚುವ ನ್ಯೂಟ್ರಲೈಸರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಅದು ಕೊಂಡಿಗಳನ್ನು ಹೊಸ ಜಾಗದಲ್ಲಿ ಮತ್ತೆ ಹಾಕುತ್ತದೆ. ಆದರೆ ಬಿಚ್ಚಿದ ಎಲ್ಲ ಕೊಂಡಿಗಳೂ ಮತ್ತೆ ಕೂಡುವುದಿಲ್ಲ. ಎಷ್ಟೇ ನುರಿತ ಕೈಯಾದರೂ ಕೂದಲು ತನ್ನ ಬಲದಲ್ಲಿ ಒಂದು ಪಾಲನ್ನು ಕಳೆದುಕೊಂಡೇ ನೆಟ್ಟಗಾಗುತ್ತದೆ.

ಅಪ್ಪ ನೂಲಿನ ಎಳೆಯನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಎಳೆದು ನೋಡುತ್ತಿದ್ದ ರೀತಿಯಲ್ಲಿಯೇ ನಾನು ಕೂದಲನ್ನು ನೋಡುತ್ತೇನೆ. ಒಂದು ಎಳೆಯನ್ನು ಒದ್ದೆ ಮಾಡಿ ಎಳೆದರೆ ಆರೋಗ್ಯವಾದ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟಾಗ ಮತ್ತೆ ಕುಗ್ಗುತ್ತದೆ. ಹಿಗ್ಗಿದ್ದು ಹಾಗೆಯೇ ಜೋತುಬಿದ್ದರೆ ಅಥವಾ ಪಟ್ಟನೆ ತುಂಡಾದರೆ, ಎಷ್ಟು ಹಣ ಕೊಟ್ಟರೂ ಅವತ್ತು ನಾನು ಡಬ್ಬಿ ತೆರೆಯುವುದಿಲ್ಲ.

ಈಗ ಹೆಸರುಗಳ ವಿಷಯ. ಸ್ಟ್ರೇಟನಿಂಗ್, ರೀಬಾಂಡಿಂಗ್, ಸ್ಮೂತನಿಂಗ್ ಮೂರೂ ಮೇಲೆ ಹೇಳಿದ ಕೊಂಡಿ ಬಿಚ್ಚುವ ಕೆಲಸವೇ. ಔಷಧಿಯ ತೀಕ್ಷ್ಣತೆ, ಐರನ್ನಿನ ಒತ್ತು ಹೆಚ್ಚು ಕಡಿಮೆ ಅಷ್ಟೇ. ಕೆರಾಟಿನ್ ಟ್ರೀಟ್‌ಮೆಂಟ್, ಬ್ರೆಜಿಲಿಯನ್, ನ್ಯಾನೋಪ್ಲಾಸ್ಟಿಯಾ, ಹೇರ್ ಬೊಟಾಕ್ಸ್ ಎಂಬವು ಇನ್ನೊಂದು ಮನೆಯವು. ಇವು ಕೊಂಡಿ ಬಿಚ್ಚದೆ, ಕೂದಲ ಮೇಲೆ ಒಂದು ಲೇಪ ಕೂರಿಸಿ ಸುಮಾರು 230 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದನ್ನು ಭದ್ರ ಮಾಡುತ್ತವೆ. ಮೂರರಿಂದ ಐದು ತಿಂಗಳಲ್ಲಿ ತೊಳೆದು ತೊಳೆದು ಇಳಿದುಹೋಗುತ್ತದೆ, ಗಡಿ ಅಷ್ಟು ಎದ್ದು ಕಾಣುವುದಿಲ್ಲ. ಆದ್ದರಿಂದ ಇದೇ ಸೌಮ್ಯವಾದದ್ದು ಎಂಬ ನಂಬಿಕೆ ಊರಲ್ಲೆಲ್ಲ ಹರಡಿದೆ. ನಾನೂ ಹಾಗೆಯೇ ನಂಬಿ ಮೂರು ವರ್ಷ ಮಾಡಿದೆ.

ಆ ದಿನಗಳನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಏಪ್ರಿಲ್ ತಿಂಗಳು, ಹೊರಗೆ ಬೆಂಕಿಯಂಥ ಬಿಸಿಲು, ಎಸಿ ಹಾಕಿ ಬಾಗಿಲು ಕಿಟಕಿ ಮುಚ್ಚಿದ ಕೋಣೆ. ಲೇಪ ಹಚ್ಚಿದ ಕೂದಲಿಗೆ ಐರನ್ ತಾಗಿದ ಕೂಡಲೇ ಹೊಗೆ ಏಳುತ್ತಿತ್ತು. ಈರುಳ್ಳಿ ಹೆಚ್ಚಿದಂತೆ ಕಣ್ಣೀರು, ಗಂಟಲಲ್ಲಿ ಕೆರೆತ. ಗಿರಾಕಿ ಒಂದು ದಿನ ಎರಡು ಗಂಟೆ ಅದನ್ನು ಉಸಿರಾಡಿ ಮನೆಗೆ ಹೋಗುತ್ತಿದ್ದರು. ನನ್ನ ಸಹಾಯಕಿ ವಾರಕ್ಕೆ ಐದು ದಿನ ಅದರಲ್ಲೇ ನಿಲ್ಲುತ್ತಿದ್ದಳು. ಅವಳಿಗೆ ಕೆಮ್ಮು ಹಿಡಿದು, ರಾತ್ರಿ ಉಬ್ಬಸ ಬರತೊಡಗಿದ ಮೇಲೆ ನಾನು ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಮೊದಲ ಸಲ ಸರಿಯಾಗಿ ಓದಿದೆ. ಮುಂದೆ ದೊಡ್ಡದಾಗಿ 'ಫಾರ್ಮಾಲ್ಡಿಹೈಡ್ ಇಲ್ಲ' ಎಂದಿತ್ತು. ಹಿಂದೆ ಮಿಥಿಲೀನ್ ಗ್ಲೈಕಾಲ್ ಎಂದಿತ್ತು. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಬೆರೆತಾಗ ಆಗುವ ರೂಪವೇ ಅದು. ಬಿಸಿ ತಾಗಿದರೆ ಮತ್ತೆ ಫಾರ್ಮಾಲ್ಡಿಹೈಡ್ ಅನಿಲವಾಗಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಇದಕ್ಕೆ ಬದಲಾಗಿ ಈಗ ಅನೇಕ ಡಬ್ಬಿಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲ ಬರುತ್ತಿದೆ. ಅದನ್ನು ತಂದುಕೊಡುವವರು ಪೂರ್ತಿ ಸುರಕ್ಷಿತ ಎನ್ನುತ್ತಾರೆ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಒಬ್ಬ ಮಹಿಳೆಯ ವಿಷಯ ಬರೆದರು. 2020, 2021, 2022ರಲ್ಲಿ ಮೂರು ಬಾರಿ ಆಕೆ ಕೂದಲು ನೇರ ಮಾಡಿಸಿಕೊಂಡಿದ್ದರು, ಮೂರು ಬಾರಿಯೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆ ಕ್ರೀಮಿನಲ್ಲಿ ಈ ಆಮ್ಲವಿತ್ತು. ಹಚ್ಚುವಾಗ ನೆತ್ತಿ ಉರಿದು ಹುಣ್ಣಾಗಿತ್ತು. ಚರ್ಮದ ಮೂಲಕ ಒಳಗೆ ಹೋದ ಆಮ್ಲ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ ಎಂಬುದು ವೈದ್ಯರ ವಿವರಣೆ. ಇಲಿಗಳ ಮೇಲಿನ ಪ್ರಯೋಗದಲ್ಲಿಯೂ ಅದನ್ನೇ ಕಂಡರು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೆದರಿಸುವುದಿಲ್ಲ. ಆದರೆ ನೆತ್ತಿಯಲ್ಲಿ ಉರಿ ಬಂದರೆ "ಸ್ವಲ್ಪ ತಡೆದುಕೊಳ್ಳಿ" ಎನ್ನುವ ಪಾರ್ಲರಿನಿಂದ ದಯವಿಟ್ಟು ಎದ್ದು ಬನ್ನಿ. ನನ್ನ ಅಂಗಡಿಯಲ್ಲಿ ಈ ಎರಡನೆಯ ಬಗೆಯ ಯಾವುದೂ ಈಗ ಇಲ್ಲ. ಸಹಾಯಕಿಯ ಉಬ್ಬಸ ಕಡಿಮೆಯಾಗಲು ಕೆಲವು ತಿಂಗಳು ಬೇಕಾಯಿತು.

ಇಷ್ಟು ಓದಿದವರು, ಹಾಗಾದರೆ ನಿಮ್ಮ ಸಲಹೆ ಏನು ಎನ್ನುತ್ತೀರಿ. ಮೊದಲು ಎರಡು ತಿಂಗಳು ತಡೆಯಿರಿ ಎನ್ನುತ್ತೇನೆ. ನನ್ನ ಬಳಿಗೆ ಬರುವ ಅನೇಕರದು ಕೆಟ್ಟ ಕೂದಲಲ್ಲ, ಗುಂಗುರು ಕೂದಲನ್ನು ನೇರ ಕೂದಲಿನಂತೆ ನಡೆಸಿಕೊಂಡದ್ದರಿಂದ ಕೆದರಿದ ಕೂದಲು. ಒಣಗಿದ ಗುಂಗುರನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದರೆ ಸುರುಳಿಗಳು ಒಡೆದು ಹಿಂಜಿದ ಹತ್ತಿಯಂತೆ ಎದ್ದು ನಿಲ್ಲುತ್ತವೆ. ಒದ್ದೆ ಇರುವಾಗಲೇ, ಕಂಡಿಷನರ್ ಹಚ್ಚಿಕೊಂಡು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒರಟು ಟವೆಲಿನಿಂದ ಉಜ್ಜಬಾರದು. ಅಪ್ಪನ ಹಳೆಯ ಮೆತ್ತನೆಯ ಪಂಚೆ ಇದ್ದರೆ ಅದರಲ್ಲಿ ಕೂದಲನ್ನು ಒತ್ತಿ ನೀರು ತೆಗೆಯಿರಿ. ಇನ್ನೊಂದು ನೀರಿನದು. ಭದ್ರಾ ನಾಲೆಯ ನೀರು ಬರುವ ಮನೆಗಳ ಹುಡುಗಿಯರಿಗೂ ಬೋರ್‌ವೆಲ್ ನೀರಿನ ಹಾಸ್ಟೆಲ್ಲಿನ ಹುಡುಗಿಯರಿಗೂ ಕೂದಲಲ್ಲಿ ವ್ಯತ್ಯಾಸ ನನ್ನ ಕೈಗೆ ತಿಳಿಯುತ್ತದೆ. ನಲ್ಲಿಯ ಬಾಯಿಗೆ ಬಿಳಿ ಸುಣ್ಣ ಕಟ್ಟಿಸುವ ನೀರು ಕೂದಲಿಗೂ ಅದನ್ನೇ ಕಟ್ಟಿಸುತ್ತದೆ. ಕೊನೆಯ ಎರಡು ತಂಬಿಗೆಯನ್ನಾದರೂ ಸಿಹಿನೀರಿನಲ್ಲಿ ಹಾಕಿಕೊಳ್ಳಿ. ಎರಡು ತಿಂಗಳ ಬಳಿಕ ಬಂದು ತಮ್ಮ ಕೂದಲಿಗೆ ಅಷ್ಟು ಚಂದದ ಸುರುಳಿ ಇದೆ ಎಂದೇ ಗೊತ್ತಿರಲಿಲ್ಲ ಎಂದವರಿದ್ದಾರೆ. ಮುಂಗುರುಳು ಎಂಬ ಮುದ್ದಾದ ಮಾತು ನಮ್ಮ ಭಾಷೆಯಲ್ಲಿದೆ. ನೆಟ್ಟಗಿನ ಕೂದಲಿಗೆ ಅಷ್ಟು ಅಕ್ಕರೆಯ ಹೆಸರು ನನಗೆ ಹೊಳೆಯುವುದಿಲ್ಲ. ಹನ್ನೆರಡು ವರ್ಷದ ಮಗಳನ್ನು ಕರೆತಂದು "ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ನೇರ ಮಾಡಿಬಿಡಿ" ಎನ್ನುವ ತಾಯಂದಿರಿಗೆ ನಾನು ಈ ಮಾತನ್ನು ಮಗುವಿನ ಮುಂದೆಯೇ ಹೇಳುತ್ತೇನೆ. ಆ ವಯಸ್ಸಿಗೆ ಖಂಡಿತ ಮಾಡುವುದಿಲ್ಲ.

ಎಲ್ಲ ತಿಳಿದ ಮೇಲೂ ಬೇಕು ಎನ್ನುವವರಿಗೆ ಸಂತೋಷದಿಂದ ಮಾಡಿಕೊಡುತ್ತೇನೆ. ಜಗಳೂರಿನ ಕಡೆ ಶಾಲೆಗೆ ಹೋಗುವ ಒಬ್ಬ ಶಿಕ್ಷಕಿ ಇದ್ದಾರೆ. ಬೆಳಗಿನ ಬಸ್ಸು ಹಿಡಿಯಬೇಕು, ಇಬ್ಬರು ಮಕ್ಕಳ ಊಟದ ಡಬ್ಬಿ ಕಟ್ಟಬೇಕು, ಮೊಣಕೈ ಉದ್ದದ ಗುಂಗುರು ಕೂದಲಿನ ಸಿಕ್ಕು ಬಿಡಿಸಲು ಅವರಿಗೆ ಮುಕ್ಕಾಲು ಗಂಟೆ ಇಲ್ಲ. ಅವರ ಕಾರಣ ಅವರದು, ನನಗೆ ಅದು ಪೂರ್ತಿ ಒಪ್ಪಿಗೆ. ಅವರಿಗೆ ಮಾಡುವಾಗ ಐದು ಗಂಟೆ ಹಿಡಿಯುತ್ತದೆ. ಕ್ರೀಮ್ ನೆತ್ತಿಯಿಂದ ಅರ್ಧ ಇಂಚು ದೂರವೇ ನಿಲ್ಲಬೇಕು. ಐದೈದು ನಿಮಿಷಕ್ಕೆ ಒಂದು ಎಳೆ ತೆಗೆದು ಬೆರಳಿಗೆ ಸುತ್ತಿ ನೋಡುತ್ತೇನೆ. ಸುರುಳಿ ಪುಟಿದೇಳದೆ ಸುಮ್ಮನೆ ಕೂತರೆ ಕೂಡಲೇ ತೊಳೆಯುವುದು. ಗಡಿಯಾರ ನೋಡಿ ತೊಳೆಯುವವರ ಕೈಯಲ್ಲಿ ಕೂದಲು ಕೊಡಬೇಡಿ. ಮುಂದಿನ ಸಲ ಬೆಳೆದ ಬುಡಕ್ಕೆ ಮಾತ್ರ ಔಷಧಿ. ಒಮ್ಮೆ ಕುಡಿದ ಕೂದಲಿಗೆ ಎರಡನೆಯ ಸಲ ಕುಡಿಸಿದರೆ ಅದು ಉಳಿಯುವುದಿಲ್ಲ, ಹಾಗಾಗಿ ಎಂಟು ತಿಂಗಳಿಗೆ ಮೊದಲು ಟಚ್ ಅಪ್‌ಗೆ ನಾನು ಒಪ್ಪುವುದಿಲ್ಲ. ಟಚ್ ಅಪ್ ಬೇಡ, ಗುಂಗುರಿಗೆ ಮರಳುತ್ತೇನೆ ಎನ್ನುವವರು ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸಿಕೊಳ್ಳುತ್ತಾ ಬರಬೇಕು. ಹರಿಹರದ ಆ ಹುಡುಗಿ ಈಗ ಅದನ್ನೇ ಮಾಡುತ್ತಿದ್ದಾಳೆ, ಕೂದಲು ಭುಜದವರೆಗೆ ಬಂದಿದೆ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ನೆತ್ತಿಯಲ್ಲಿ ಗಾಯ ಇರುವವರು, ಬ್ಲೀಚ್ ಮಾಡಿಸಿದವರು ಕಾಯಬೇಕು. ಹುಡುಗನ ಮನೆಯವರು ಭಾನುವಾರ ನೋಡಲು ಬರುತ್ತಾರೆ ಎಂದು ಗುರುವಾರ ಓಡಿ ಬರುವವರಿಗೆ ಬರಿಯ ಬ್ಲೋ ಡ್ರೈ ಮಾಡಿ ಕಳಿಸುತ್ತೇನೆ. ಕೂದಲೊಳಗಿನ ನೀರಿನ ಹಿಡಿತವಷ್ಟೇ ಅದರಲ್ಲಿ ಬದಲಾಗುವುದು, ಮುಂದಿನ ತಲೆಸ್ನಾನಕ್ಕೆ ನಿಮ್ಮ ಕೂದಲು ನಿಮಗೆ ವಾಪಸು.

ಬರುವಾಗ ಎಣ್ಣೆ ಹಚ್ಚಿಕೊಂಡು ಬರಬೇಡಿ. ಕಳೆದ ಎರಡು ವರ್ಷಗಳಲ್ಲಿ ತಲೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮೆಹಂದಿಯನ್ನು ಮರೆಯದೆ ಬರೆಯಿರಿ, "ಅದು ಬರೀ ಸೊಪ್ಪಿನ ಪುಡಿ" ಎಂದು ಬಿಡಬೇಡಿ. ಅದರ ಪದರ ಔಷಧಿಯನ್ನು ಸಮನಾಗಿ ಒಳಗೆ ಬಿಡುವುದಿಲ್ಲ. ಸಂತೆಯಲ್ಲಿ ಸಿಗುವ ಕಪ್ಪು ಪುಡಿಗಳಲ್ಲಿ ಲೋಹದ ಲವಣ ಬೆರೆತಿದ್ದರೆ ಪೆರಾಕ್ಸೈಡ್ ತಾಗಿದಾಗ ಕೂದಲು ಬಿಸಿಯೇರಿ ಬೆಂದುಹೋಗಬಹುದು. ಆ ಪುಡಿಯ ಪೊಟ್ಟಣ ಮನೆಯಲ್ಲಿ ಇನ್ನೂ ಇದ್ದರೆ ಅದನ್ನೂ ಚೀಟಿಯ ಜೊತೆಗೆ ತನ್ನಿ, ಕಿವಿಯ ಹಿಂದಿನ ನಾಲ್ಕು ಎಳೆ ಕತ್ತರಿಸಿ ಮೊದಲು ಅದರ ಮೇಲೆ ಪರೀಕ್ಷೆ ಮಾಡಿ ನೋಡೋಣ.