18 ಅಡಿಯ ಹಳೇ ಫೈಬರ್ ದೋಣಿಗೆ ಹೊಸ ಟ್ರಾನ್ಸಮ್

ಫೆಬ್ರವರಿ 2, 2025, ಭಾನುವಾರ, ಹಂಗಾರಕಟ್ಟೆ

ದೋಣಿ ಬೆಳಗ್ಗೆ ಶೆಡ್ಡಿಗೆ ಬಂತು. 18 ಅಡಿ ಉದ್ದ, 5 ಅಡಿ ಅಗಲ, ಹಿಂದೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಕೊಂಡವರಿಗೆ ಇದು ಮೊದಲ ದೋಣಿ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯೊಳಗೆ ಗಾಳ ಹಾಕಲಿಕ್ಕೆ ಬೇಕಂತೆ. "ಬಣ್ಣಕ್ಕೆ ಎಷ್ಟು ದಿನ ಬೇಕು ಅಣ್ಣ?" ಅಂತ ಬಂದ ಕೂಡಲೇ ಕೇಳಿದರು. ಮೊದಲ ಸಲ ಹಳೇ ದೋಣಿ ತಂದವರು ಹೆಚ್ಚಿನವರು ಕೇಳುವುದು ಇದನ್ನೇ. ಈ ಬರಹ ಅವರಿಗಾಗಿ: ಬಣ್ಣ ಕಟ್ಟಕಡೆಯ ಕೆಲಸ, ಮೊದಲ ಕೆಲಸ ಟ್ರಾನ್ಸಮ್.

ಟ್ರಾನ್ಸಮ್ ಅಂದರೆ ಎಂಜಿನ್ ಕೂರುವ ಹಿಂಬದಿಯ ಗೋಡೆ. ನೋಡಲಿಕ್ಕೆ ಪೂರ್ತಿ ಫೈಬರ್, ಅಂದರೆ ರೆಸಿನ್ ಎಂಬ ಅಂಟಿನಲ್ಲಿ ಗಟ್ಟಿಯಾದ ಗಾಜಿನ ಎಳೆಗಳ ಪದರ. ಒಳಗೆ ಮಾತ್ರ ಪ್ಲೈವುಡ್ ಇರುತ್ತದೆ. ಫೈಬರ್ ಎಷ್ಟು ವರ್ಷವಾದರೂ ಕೊಳೆಯುವುದಿಲ್ಲ, ಒಳಗೆ ಹುದುಗಿದ ಮರ ಕೊಳೆಯುತ್ತದೆ. ಒಂದು ಬೋಲ್ಟಿನ ತೂತಿನಿಂದ ನೀರು ಇಳಿದರೂ ಸಾಕು, ಹೊರಗೆ ಹೋಗಲಿಕ್ಕೆ ಅದಕ್ಕೆ ದಾರಿಯೇ ಇಲ್ಲ.

ಪರೀಕ್ಷೆ ಮೂರು ತರಹ ಮಾಡಿದೆವು. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಪ್ರತಿ 10 ಸೆಂಟಿಮೀಟರಿಗೆ ಒಂದರಂತೆ ತಟ್ಟುತ್ತ ಹೋಗುವುದು ಮೊದಲನೆಯದು. ಗಟ್ಟಿ ಜಾಗದಲ್ಲಿ 'ಟಕ್' ಅಂತ ಸ್ಪಷ್ಟವಾಗಿ ಕೇಳುತ್ತದೆ, ಪದರ ಬಿಟ್ಟ ಜಾಗದಲ್ಲಿ 'ದಬ್' ಅಂತ ಸದ್ದು ಸತ್ತುಹೋಗುತ್ತದೆ. ಅಂಥ ಜಾಗಕ್ಕೆಲ್ಲ ಸೀಮೆಸುಣ್ಣದ ಗುರುತು. ಎರಡನೆಯದು, ಎಂಜಿನ್ ಎತ್ತಿ ನಿಲ್ಲಿಸಿ ನೀರಿಗೆ ಇಳಿಯುವ ಅದರ ಕಾಲು ಹಿಡಿದು ಮೇಲೆ ಕೆಳಗೆ ಅದುಮುವುದು. ಟ್ರಾನ್ಸಮ್ ಕಣ್ಣಿಗೆ ಕಾಣುವಷ್ಟು ಬಾಗಿದರೆ ಒಳಗೆ ಏನೂ ಉಳಿದಿಲ್ಲ ಅಂತಲೇ ಅರ್ಥ. ಮೂರನೆಯದು ಡ್ರಿಲ್. ಒಳಬದಿಯಿಂದ, ತಳಕ್ಕೆ ಹತ್ತಿರ, 4 ಮಿ.ಮೀ. ಬಿಟ್ಟಿನಲ್ಲಿ ತೂತು ಕೊರೆದು ಹೊಟ್ಟು ನೋಡಬೇಕು. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಮರ ಚೆನ್ನಾಗಿದೆ. ಇಲ್ಲಿ ಬಂದದ್ದು ಕಪ್ಪು ಹೊಟ್ಟು, ಬಿಟ್ಟಿಗೆ ಗಸಿಯ ಹಾಗೆ ಮೆತ್ತಿಕೊಂಡಿತು. ಹೊರಬದಿಗೆ ತೂತು ಹೋಗದಂತೆ ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡಿಕೊಳ್ಳಿ.

ಕೊಳ್ಳುವ ಮೊದಲೇ ಈ ಮೂರು ಪರೀಕ್ಷೆ ಮಾಡಿದ್ದರೆ ಬೆಲೆಯಲ್ಲಿ ಮಾತಾಡಬಹುದಿತ್ತು. ಡ್ರಿಲ್ಲಿಗೆ ಮಾರುವವರು ಒಪ್ಪದಿದ್ದರೂ ತಟ್ಟಿ ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಫೆಬ್ರವರಿ 9, ಭಾನುವಾರ

ಟ್ರಾನ್ಸಮ್ ಬಿಚ್ಚಿದ್ದಾಯಿತು. ಒಳಗಿನಿಂದಲೇ ಬಿಚ್ಚಿದೆವು. ಹೊರಗಿನ ಪದರ ಹಾಗೇ ಉಳಿದರೆ ದೋಣಿಯ ಆಕಾರ ಕೆಡುವುದಿಲ್ಲ, ಹೊಸ ಹಲಗೆಗೆ ಅದೇ ಅಚ್ಚಾಗುತ್ತದೆ. ಆದರೆ ಮರ ತೆಗೆದ ಮೇಲೆ ಹಿಂಭಾಗ ಸಡಿಲ. ಅದಕ್ಕೇ ಮೊದಲೇ ದೋಣಿಯ ಎರಡು ಬದಿಗೂ ತಳಕ್ಕೂ ಸರಿಯಾಗಿ ಆನಿಕೆ ಕೊಟ್ಟು, ಅಗಲಕ್ಕೆ ಅಡ್ಡ ರೀಪು ಬಿಗಿದು, ಅಳತೆ ಬರೆದಿಟ್ಟೆವು. ಇದನ್ನು ಬಿಟ್ಟರೆ ಹೊಸ ಟ್ರಾನ್ಸಮ್ ಸೊಟ್ಟಗೆ ಕೂತು ಎಂಜಿನ್ ಒಂದು ಕಡೆಗೆ ಎಳೆಯುತ್ತದೆ.

ಗ್ರೈಂಡರಿನ ಕಟಿಂಗ್ ಡಿಸ್ಕನ್ನು 5 ಮಿ.ಮೀ. ಆಳಕ್ಕೆ ಮಾತ್ರ ಇಳಿಸಿ, ಅಂಚಿನಲ್ಲಿ 5 ಸೆಂ.ಮೀ. ಬಿಟ್ಟು ಒಳಪದರ ಕತ್ತರಿಸಿದೆವು. ಮೇಲಿನ ಅರ್ಧ ಪ್ಲೈ ಇನ್ನೂ ಉಳಿಗೆ ಬಗ್ಗದಷ್ಟು ಗಟ್ಟಿ. ಕೆಳಗಿನ 20 ಸೆಂ.ಮೀ. ಮಾತ್ರ ನೆನೆದ ತೆಂಗಿನ ಸಿಪ್ಪೆಯ ಹಾಗೆ, ಬೆರಳಲ್ಲೇ ಬಿಡಿಸಿಕೊಂಡು ಬಂತು. ನೀರು ಬಂದ ದಾರಿಯೂ ಎದುರಿಗೇ ಕಾಣುತ್ತಿತ್ತು. ಎಂಜಿನ್ನಿನ ಎರಡು ಬೋಲ್ಟಿನ ತೂತು, ತಳದ ನೀರು ಬಿಡುವ ಬಿರಡೆಯ ತೂತು, ಮೂರರ ಒಳಗೋಡೆಯೂ ಬರೀ ಮರ. ಸೀಲಂಟ್ ಇದ್ದದ್ದು ಬೋಲ್ಟಿನ ತಲೆಯ ಸುತ್ತ ಮಾತ್ರ. ಪ್ರತಿ ತೂತಿನ ಕೆಳಗೂ ಬತ್ತಿ ಉರಿದ ಮಸಿಯಂತೆ ಒಂದು ಕಪ್ಪು ಗೆರೆ ತಳದವರೆಗೆ ಇಳಿದಿತ್ತು.

ಗಾಜಿನ ಪುಡಿಯ ವಿಷಯ. ಮೈ ಮುಚ್ಚುವ ಉದ್ದ ತೋಳಿನ ಅಂಗಿ, ಕನ್ನಡಕ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕೇ ಬೇಕು, ಬಟ್ಟೆ ಕಟ್ಟಿಕೊಂಡರೆ ಸಾಲದು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ಮೈ ತೊಳೆಯಿರಿ. ಬಿಸಿನೀರು ಹೊಯ್ದು ತಿಕ್ಕಿದರೆ ತುರಿಕೆ ಇನ್ನೂ ಹೆಚ್ಚು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಇಳಿಯುವವರಿದ್ದಾರೆ. ಕೊರೆಯುವ ದಿನ ಪರವಾಗಿಲ್ಲ, ಮ್ಯಾಟ್ (ಗಾಜಿನ ಎಳೆಗಳ ಹಾಸು) ಅಂಟಿಸುವ ದಿನ ಎಣ್ಣೆಗೈ ತಾಗಿದ ಜಾಗದಲ್ಲಿ ರೆಸಿನ್ ಹಿಡಿಯುವುದಿಲ್ಲ.

ಮರವೆಲ್ಲ ಕೆರೆದ ಮೇಲೆ ಸಿಹಿನೀರಲ್ಲಿ ಮೂರು ದಿನ ತೊಳೆಯಲು ಹೇಳಿದ್ದೇನೆ. ಉಪ್ಪು ಒಳಗೆ ಉಳಿದರೆ ಗಾಳಿಯ ತೇವ ಹೀರುತ್ತಲೇ ಇರುತ್ತದೆ, ಫೈಬರ್ ಒಣಗುವುದೇ ಇಲ್ಲ.

ಫೆಬ್ರವರಿ 23, ಭಾನುವಾರ

ತೊಳೆದ ಮೇಲೆ ಇಷ್ಟು ದಿನ ಫ್ಯಾನ್ ಹಾಕಿ ಒಣಗಿಸಿದ್ದು ಸಾಕಾಯಿತೇ ಅಂತ ನೋಡಲಿಕ್ಕೆ ಸುಲಭದ ಉಪಾಯ: ಒಂದು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಬದಿಗೆ ಹನಿ ಕಟ್ಟಿದ್ದರೆ ಇನ್ನೂ ಒಣಗಬೇಕು. ಇವತ್ತು ಹಾಳೆ ಒಣಗಿಯೇ ಇತ್ತು.

ಹೊಸ ಹಲಗೆ 19 ಮಿ.ಮೀ. ಮರೀನ್ ಪ್ಲೈ ಎರಡು ಪದರ, ಒಟ್ಟು 38. ಪ್ಲೈ ಮೇಲೆ ಐಎಸ್ 710 (ಮರೀನ್ ಪ್ಲೈಗಿರುವ ಭಾರತೀಯ ಮಾನಕ) ಮುದ್ರೆ ಇದೆಯೇ ನೋಡಿ ತನ್ನಿ. ಹೊರಗಿನ ಹಳೇ ಪದರ, ಒಳಗಿನ ಹೊಸ ಪದರ ಸೇರಿದರೆ ಗೋಡೆ ಸುಮಾರು 48 ಮಿ.ಮೀ. ಆಗುತ್ತದೆ. ಎಂಜಿನ್ನಿನ ಕ್ಲಾಂಪ್ ಅಷ್ಟು ಅಗಲಕ್ಕೆ ತೆರೆಯುತ್ತದೆಯೇ ಅಂತ ಪ್ಲೈ ಕೊಯ್ಯುವ ಮೊದಲೇ ಅಳೆಯಿರಿ. ಟ್ರಾನ್ಸಮಿನ ಎತ್ತರವೂ ಎಂಜಿನ್ನಿನ ಕಾಲಿನ ಉದ್ದ ನೋಡಿಯೇ. ಶಾರ್ಟ್ ಶಾಫ್ಟ್ ಎಂಜಿನ್ನಿಗೆ 15 ಇಂಚು, ಲಾಂಗ್ ಶಾಫ್ಟಿಗೆ 20 ಇಂಚು.

ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಂಟುವುದು ಎಪಾಕ್ಸಿ ಎಂಬ ದುಬಾರಿ ರೆಸಿನ್ನಿನಷ್ಟು ಗಟ್ಟಿಯಲ್ಲ. ಎಪಾಕ್ಸಿಯಲ್ಲೇ ಮಾಡುವುದಾದರೆ ತುಂಡೆಳೆಗಳ ಸಾದಾ ಚಾಪ್ಡ್ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ. ಎಪಾಕ್ಸಿಯಲ್ಲಿ ಮ್ಯಾಟ್ ಬಿರುಸಾಗೇ ಉಳಿದು ಮೂಲೆಗೆ ಬಗ್ಗುವುದಿಲ್ಲ. ಇಲ್ಲಿ ಖರ್ಚು ನೋಡಿ ಪಾಲಿಯೆಸ್ಟರಿನಲ್ಲೇ ಮಾಡಿದ್ದೇವೆ. ಹಾಗಾಗಿ ಮರದ ತಯಾರಿಯಲ್ಲಿ ಒಂದಿಷ್ಟೂ ಅವಸರ ಕೂಡದು. ಪ್ಲೈಗೆ ಎಲ್ಲ ಕಡೆಯಿಂದಲೂ, ಮುಖ್ಯವಾಗಿ ಕೊಯ್ದ ಅಂಚಿಗೆ, ಶೇಕಡಾ 10 ಸ್ಟೈರೀನ್ ಬೆರೆಸಿ ತೆಳು ಮಾಡಿದ ರೆಸಿನ್ ಕುಡಿಸಬೇಕು. ಅಂಚು ಬತ್ತಿಯಂತೆ ಹೀರುತ್ತದೆ, ಹೀರುವುದು ನಿಲ್ಲುವವರೆಗೂ ಹಚ್ಚಿ.

ಇದಕ್ಕೆ ಹೊತ್ತು ಮಧ್ಯಾಹ್ನ ಮೂರರ ಮೇಲೆ. ಬೆಳಗ್ಗೆ ಹಚ್ಚಿದರೆ ಬಿಸಿಲು ಏರುತ್ತ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ, ರೆಸಿನ್ ಮೇಲೆ ಸೂಜಿ ಮೊನೆಯಷ್ಟು ಗುಳ್ಳೆಗಳು ಏಳುತ್ತವೆ. ಬಿಸಿ ಇಳಿಯುವ ಹೊತ್ತಿನಲ್ಲಿ ಮರ ಒಳಗೆ ಎಳೆದುಕೊಳ್ಳುತ್ತದೆ. ಇಬ್ಬನಿ ಬೀಳುವ ಮೊದಲು ಗಟ್ಟಿಯಾಗಿರಬೇಕು, ಅಷ್ಟೇ.

ಮಾರ್ಚ್ 2, ಭಾನುವಾರ

ಲೆಕ್ಕ ಮೊದಲು. ಟ್ರಾನ್ಸಮ್ ಒಳಮೈ, ಬದಿಗೆ ಮತ್ತು ತಳಕ್ಕೆ 15 ಸೆಂ.ಮೀ. ಹತ್ತಿಸುವ ಅಂಚು ಸೇರಿ ಸುಮಾರು 1 ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ, ನಡುನಡುವೆ 600 ಗ್ರಾಂ ರೋವಿಂಗ್ (ನೇಯ್ದ ಗಾಜಿನ ಬಟ್ಟೆ) ಎರಡು ಪದರ. ಮ್ಯಾಟ್ ತನ್ನ ತೂಕದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ರೋವಿಂಗ್ ಸಮಸಮ. 1350 ಗ್ರಾಂ ಮ್ಯಾಟಿಗೆ 3.4 ಕಿಲೋ, 1200 ಗ್ರಾಂ ರೋವಿಂಗಿಗೆ 1.2 ಕಿಲೋ, ಒಟ್ಟು 4.6. ಹಲಗೆ ಅಂಟಿಸುವ ಪೇಸ್ಟು, ಮರಕ್ಕೆ ಕುಡಿಸಿದ್ದು, ಡಬ್ಬಿಯಲ್ಲಿ ಹಾಳಾಗುವುದು ಎಲ್ಲ ಸೇರಿ 8 ಕಿಲೋ ತಂದಿಟ್ಟುಕೊಳ್ಳಿ. ರೆಸಿನ್ ಹೆಚ್ಚು ಸುರಿದರೆ ಗಟ್ಟಿ ಅನ್ನುವುದು ತಪ್ಪು ತಿಳಿವಳಿಕೆ. ಬಲ ಗಾಜಿನ ಎಳೆಯದು, ಬರೀ ರೆಸಿನ್ ಗಾಜಿನ ಲೋಟದ ಹಾಗೆ ಬಿರಿಯುತ್ತದೆ.

ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಕಿಲೋಗೆ 10 ಮಿ.ಲೀ., ಸಿರಿಂಜಿನಲ್ಲೇ ಅಳೆಯಬೇಕು. ಶೆಡ್ಡಿನೊಳಗೆ 32 ಡಿಗ್ರಿ ಇತ್ತು. ಮೊದಲು 100 ಗ್ರಾಂ ರೆಸಿನ್ನಿಗೆ 1 ಮಿ.ಲೀ. ಹಾಕಿ ಗಡಿಯಾರ ನೋಡಿದೆವು, 18 ನಿಮಿಷಕ್ಕೆ ಜೆಲ್ಲಿಯಾಯಿತು. ಹಾಗಾಗಿ ಒಂದು ಸಲಕ್ಕೆ ಒಂದು ಕಿಲೋಗಿಂತ ಹೆಚ್ಚು ಕಲಸಲಿಲ್ಲ. ರೆಸಿನ್ನಿಗೆ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರಾವಣ) ಮೊದಲೇ ಬೆರೆಸಿದ್ದಾರೆಯೇ ಅಂತ ಅಂಗಡಿಯಲ್ಲೇ ಕೇಳಿ. ನೀವೇ ಬೆರೆಸುವುದಾದರೆ ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಬಾರದು. ಬೆಂಕಿ ಹತ್ತಿ ಸ್ಫೋಟವಾಗುತ್ತದೆ. ಎರಡಕ್ಕೂ ಬೇರೆ ಸಿರಿಂಜ್, ಬೇರೆ ಕಪಾಟು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ತೆಗೆಯಬೇಡಿ, ಪಕ್ಕದಲ್ಲೇ ಒಂದು ಬಕೆಟ್ ಶುದ್ಧ ನೀರಿರಲಿ. ಹಾರಿದರೆ 15 ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಹಲಗೆ ಕೂರಿಸುವ ಪೇಸ್ಟು ರೆಸಿನ್, ಮಂದ ಮಾಡುವ ಏರೋಸಿಲ್ ಪುಡಿ, ಕತ್ತರಿಸಿದ ಗಾಜಿನ ಎಳೆ ಸೇರಿಸಿ ಕಲಸಿದ್ದು. ಚಮಚದಿಂದ ಬೀಳದಷ್ಟು ಮಂದ ಇರಬೇಕು. ಕಾರಿಗೆ ಹಚ್ಚುವ ಪುಟ್ಟಿ ಇಲ್ಲಿಗೆ ತರಬೇಡಿ, ಅದರಲ್ಲಿರುವ ಟಾಲ್ಕ್ ನೀರು ಹೀರುತ್ತದೆ. ಪ್ಲೈಗೆ ಪ್ರತಿ 15 ಸೆಂ.ಮೀ.ಗೆ ಒಂದು 5 ಮಿ.ಮೀ. ತೂತು ಕೊರೆದಿದ್ದೆವು. ನಡುವಿನಿಂದ ಅಂಚಿಗೆ ಒತ್ತುತ್ತ ಬಂದಾಗ ಆ ತೂತುಗಳಿಂದ ಪೇಸ್ಟು ಹುಳದ ಹಾಗೆ ಹೊರಬಂತು. ಪೇಸ್ಟು ಬಂದ ಕಡೆ ಒಳಗೆ ಗಾಳಿ ಉಳಿದಿಲ್ಲ. ಎರಡು ತೂತಿನಲ್ಲಿ ಬರಲಿಲ್ಲ, ಅಲ್ಲಿ ಸಿರಿಂಜಿನಿಂದ ತುಂಬಿದೆವು.

ಹಲಗೆ ಬದಿಗೆ ಸೇರುವ ಮೂಲೆಯನ್ನು ಅದೇ ಪೇಸ್ಟಿನಿಂದ ಉರುಟು ಮಾಡಬೇಕು, ಒಂದು ಇಂಚಿನಷ್ಟು. ನೇರ ಮೂಲೆಗೆ ಮ್ಯಾಟ್ ಬಗ್ಗುವುದಿಲ್ಲ, ಹಿಂದೆ ಗಾಳಿ ಉಳಿದು ಅಲ್ಲಿಂದಲೇ ಬಿಡಲು ಶುರು. ಮ್ಯಾಟ್ ಹಾಸಿ, ರೋಲರಿನಲ್ಲಿ ಬಿಳಿ ಕಲೆ ಮಾಯವಾಗುವವರೆಗೆ ಉರುಳಿಸಿ. ಇವತ್ತು ಮೂರು ಪದರಕ್ಕೆ ನಿಲ್ಲಿಸಿದೆವು. ಒಟ್ಟಿಗೇ ಐದೂ ಹಾಕಿದರೆ ಕಾದು ಸೊಟ್ಟಗಾಗುತ್ತದೆ. ಡಬ್ಬಿಯಲ್ಲಿ ಉಳಿದ ರೆಸಿನ್ ಕೂಡ ಹೊಗೆಯೇಳುವಷ್ಟು ಕಾಯುತ್ತದೆ, ಮರಳಿನ ಮೇಲೆ ತೆಳ್ಳಗೆ ಸುರಿದುಬಿಡಿ.

ಮಾರ್ಚ್ 9, ಭಾನುವಾರ

ಉಳಿದ ಎರಡು ಪದರ ವಾರದ ನಡುವೆ ಮುಗಿದವು. ಇವತ್ತು ಬೋಲ್ಟಿನ ತೂತು. 10 ಮಿ.ಮೀ. ಬೋಲ್ಟಿಗೆ ಮೊದಲು 16 ಮಿ.ಮೀ. ತೂತು ಕೊರೆದು, ಅದನ್ನು ಏರೋಸಿಲ್ ಬೆರೆಸಿದ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ನಡುಮಧ್ಯ 10 ಮಿ.ಮೀ. ಕೊರೆಯುವುದು. ಆಗ ಬೋಲ್ಟಿನ ಸುತ್ತ 3 ಮಿ.ಮೀ. ಎಪಾಕ್ಸಿಯ ಕೊಳವೆ ನಿಲ್ಲುತ್ತದೆ. ಮುಂದೆ ಸೀಲಂಟ್ ಸತ್ತರೂ ನೀರು ಮರ ಮುಟ್ಟುವುದಿಲ್ಲ. ಬಿರಡೆಯ ತೂತಿಗೂ ಇದೇ ಕ್ರಮ. ಒಂದು ದಿನ ಹೆಚ್ಚು ಹಿಡಿಯುತ್ತದೆ. ಹಳೇ ಟ್ರಾನ್ಸಮಿನಲ್ಲಿ ಈ ಒಂದು ದಿನದ ಕೆಲಸ ಆಗಿರಲಿಲ್ಲ.

ತಳದಲ್ಲಿ ಕಲ್ಲು ತಾಗಿ ಆದ 3 ಸೆಂ.ಮೀ. ತೂತೊಂದಿತ್ತು. ಅಲ್ಲಿ ದಪ್ಪ 6 ಮಿ.ಮೀ., ಸುತ್ತಲೂ ಅದರ ಹನ್ನೆರಡು ಪಟ್ಟು, ಅಂದರೆ 7 ಸೆಂ.ಮೀ. ಇಳಿಜಾರಾಗಿ ಕೆರೆದು ಪದರ ಕಟ್ಟಿದೆವು. ಗ್ರೈಂಡರ್ ಇಡುವ ಮೊದಲೇ ಅಸಿಟೋನಿನಲ್ಲಿ ಒರೆಸಬೇಕು. ಕೆರೆದ ಮೇಲೆ ಒರೆಸಿದರೆ ಎಣ್ಣೆ, ಮೇಣ ಆಗಲೇ ಗೀರುಗಳೊಳಗೆ ಹೋಗಿರುತ್ತದೆ. ಜೆಲ್‌ಕೋಟಿನಲ್ಲಿ (ಮೇಲಿನ ಬಣ್ಣದ ರೆಸಿನ್ ಪದರ) ನಕ್ಷತ್ರದಂತೆ ಬಿಟ್ಟ ಕೂದಲೆಳೆ ಬಿರುಕು ಏಟಿನಿಂದ ಆದದ್ದು, ಹೆಚ್ಚಾಗಿ ಮೇಲ್ಮೈಯದಷ್ಟೇ. ತಳಕ್ಕೆ ಬಲ ಕೊಡುವ ಒಳಗಿನ ಉದ್ದ ಪಟ್ಟಿಯ (ಸ್ಟ್ರಿಂಗರ್) ಗುಂಟ ಉದ್ದಕ್ಕೆ ಓಡಿದ ಬಿರುಕು ಕಂಡರೆ ಅಲ್ಲಿ ತಳ ಬಾಗುತ್ತಿದೆ. ಹೊರಗಿನಿಂದ ಎಷ್ಟು ತುಂಬಿದರೂ ಮತ್ತೆ ಬಿಡುತ್ತದೆ, ಒಳಗಿನಿಂದ ಬಲ ಕೊಡಬೇಕು.

ಮರಳಿನ ಮೇಲೆ ಎಳೆಯುವ ದೋಣಿಯಾದ್ದರಿಂದ ಕೀಲ್ ಎಂಬ ತಳದ ನಡುಗೆರೆಯ ಉದ್ದಕ್ಕೂ 10 ಸೆಂ.ಮೀ. ಅಗಲದ ಪಟ್ಟಿ, ಮ್ಯಾಟ್ ಎರಡು, ರೋವಿಂಗ್ ಒಂದು.

ಮಾರ್ಚ್ 23, ಭಾನುವಾರ

ಬಣ್ಣ ಮುಗಿಯಿತು: ತಿಳಿ ನೀಲಿ, ಒಳಗೆ ಬೂದು. ಜೆಲ್‌ಕೋಟಿನ ಕೊನೆಯ ಕೈಗೆ ಮೇಣದ ದ್ರಾವಣ ಬೆರೆಸಲು ಮರೆಯಬೇಡಿ, ಮೇಣವಿಲ್ಲದೆ ಗಾಳಿ ತಾಗುತ್ತಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಎಂಜಿನ್ನಿನಲ್ಲಿ ಮೊದಲು ಗೇರ್ ಆಯಿಲ್. ಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣ. ಸೀಲ್ ಹೋಗಿ ನೀರು ಸೇರಿದೆ. ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಬದಲಾಯಿಸಿ, ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿದೆವು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ತಂಪಿಡುವ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಚಕ್ರ) ಚೆನ್ನಾಗಿ ಕಂಡರೂ ಹೊಸದು ಹಾಕಿ. ಹಳೆಯದರ ರೆಕ್ಕೆಗಳು ಒಂದೇ ಕಡೆಗೆ ಬಾಗಿ ಹಾಗೇ ನಿಂತಿದ್ದವು. ತಾನು ಸವೆದು ಎಂಜಿನ್ನನ್ನು ತುಕ್ಕಿನಿಂದ ಕಾಯುವ ಸತುವಿನ ಆನೋಡಿಗೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಎಥನಾಲ್ ಬೆರೆತಿರುತ್ತದೆ, ನೀರು ಹೀರುತ್ತದೆ. ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಡದೆ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ.

ಮಾರ್ಚ್ 30, ಭಾನುವಾರ

ನಿನ್ನೆ ಅಮಾವಾಸ್ಯೆ, ಭರತ (ಕಡಲಿನ ಉಬ್ಬರ) ದೊಡ್ಡದು, ದೋಣಿ ಇಳಿಸಲು ಅನುಕೂಲ. ಇಳಿಸುವ ಮೊದಲು ಶೆಡ್ಡಿನಲ್ಲೇ ಬಿರಡೆ ಹಾಕಿ ಹಿಂಭಾಗದಲ್ಲಿ 5 ಸೆಂ.ಮೀ. ಸಿಹಿನೀರು ನಿಲ್ಲಿಸಿ ಒಂದು ಗಂಟೆ ಬಿಟ್ಟೆವು. ಸೋರುವ ಜಾಗ ಹೊರಮೈಯಲ್ಲಿ ಹನಿಯಾಗಿ ತಾನೇ ತೋರಿಸಿಕೊಡುತ್ತದೆ. ಬಿರಡೆಯ ಅಂಚಿನಲ್ಲಿ ಒಂದು ಹನಿ ಕಂಡಿತು, ತೆಗೆದು ಸೀಲಂಟ್ ಹಾಕಿ ಮತ್ತೆ ಕೂರಿಸಿದೆವು. ನೂರು ಲೀಟರ್ ನೀರು ನೂರು ಕಿಲೋ, ತಳದ ಆನಿಕೆ ಗಟ್ಟಿಯಿರಲಿ.

ಅಳಿವೆಯೊಳಗೆ ಒಂದು ಗಂಟೆ ಓಡಿತು. ತಂಪು ನೀರಿನ ಧಾರೆ ಕೊನೆಯವರೆಗೂ ಒಂದೇ ಸಮ. ದಡಕ್ಕೆ ಬಂದ ಮೇಲೆ ಎಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಹರಿಸಿ, ಟ್ರಾನ್ಸಮ್ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದಾಗ ಎರಡೂ ಬೋಲ್ಟು ತಲಾ ಕಾಲು ಸುತ್ತು ಬಿಗಿಯಾದವು. ಬಿರಡೆ ತೆಗೆದಾಗ ಒಂದು ಲೋಟದಷ್ಟು ನೀರು ಬಂತು. ಹತ್ತುವಾಗ ಕಾಲಲ್ಲಿ ಬಂದ ನೀರಾಗಿರಬಹುದು. ಮುಂದಿನ ಭಾನುವಾರ ಒಣಗಿಸಿ, ಒಬ್ಬರೇ ಹತ್ತಿ, ಅದೇ ಒಂದು ಗಂಟೆ ಓಡಿಸಿ ಅಳೆಯಬೇಕು. ಗೇರ್ ಆಯಿಲ್ ತಿರುಪನ್ನೂ ಆವತ್ತೇ ಬಿಚ್ಚಿ ಬಣ್ಣ ನೋಡುವುದು.